ಬಚ್ಚಲು ಮನೆ ಗೋಡೆಯ ಬೂಷ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಶುರುವಾಗಿ ಎರಡು ವಾರ ಕಳೆದರೆ ಸಾಕು, ಈ ಪ್ರಶ್ನೆಗಳು ಬರತೊಡಗುತ್ತವೆ. ಫೋನಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಲಿಫ್ಟಿನೊಳಗೆ. ನಾನು ಮೇಸ್ತ್ರಿಯೂ ಅಲ್ಲ, ಡಾಕ್ಟರೂ ಅಲ್ಲ. ತೀರ್ಥಹಳ್ಳಿ ಕಡೆಯ ಹಳ್ಳಿಮನೆಯಲ್ಲಿ ಬೆಳೆದು, ಬೆಂಗಳೂರಿನಲ್ಲಿ ಮೂರು ಬಾಡಿಗೆ ಮನೆ, ಒಂದು ಸ್ವಂತ ಫ್ಲ್ಯಾಟಿನ ಬಚ್ಚಲು ಉಜ್ಜಿದವಳು. ಮೊದಲ ಹತ್ತು ವರ್ಷ ಬರೀ ಕಲೆ ಉಜ್ಜಿದೆ. ಆಮೇಲೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದನ್ನು ಕಲಿತೆ. ಕೆಳಗಿನ ಉತ್ತರಗಳಲ್ಲಿ ಸೋಪು, ಬ್ರಶ್ಶಿಗಿಂತ ನೀರಿನ ಮಾತೇ ಜಾಸ್ತಿ ಇರುವುದು ಅದಕ್ಕೇ.

## ಮೊದಲು ಗುರುತು ಹಿಡಿಯೋಣ

"ಬಾತ್‌ರೂಮ್ ಗೋಡೆ ಮೇಲೆ ಕಪ್ಪು ಚುಕ್ಕೆ ಬಂದಿದೆ. ಇದು ಕೊಳೆನಾ, ಬೂಷ್ಟಾ, ಪಾಚಿನಾ?"

ಒಂದು ಹಳೇ ಬಟ್ಟೆ ಒದ್ದೆ ಮಾಡಿ ಒರೆಸಿ ನೋಡಿ. ಬರೀ ಕೊಳೆಯಾದರೆ ಸೋಪಿನ ನೀರಿಗೆ ಬಿಟ್ಟುಕೊಳ್ಳುತ್ತದೆ, ಬೇಗ ವಾಪಸು ಬರುವುದಿಲ್ಲ. ಬೂಷ್ಟಾದರೆ ಬಟ್ಟೆಗೆ ಮಸಿಯ ಹಾಗೆ ಮೆತ್ತಿಕೊಳ್ಳುತ್ತದೆ. ಒದ್ದೆ ಗೋಣಿಚೀಲದ ವಾಸನೆ ಇರುತ್ತದೆ. ಒಂದೆರಡು ವಾರದಲ್ಲಿ ಅದೇ ಜಾಗದಲ್ಲಿ ಮತ್ತೆ ಚುಕ್ಕೆ ಚುಕ್ಕೆಯಾಗಿ ಏಳುತ್ತದೆ. ಪಾಚಿ ಹಸಿರು, ಕೈಗೆ ಜಾರುತ್ತದೆ. ಅದಕ್ಕೆ ಬೆಳಕು ಬೇಕು, ಹಾಗಾಗಿ ಹೊರಗಿನ ಗೋಡೆಯಲ್ಲಿ, ತೊಟ್ಟಿಯ ಪಕ್ಕದಲ್ಲಿ ಜಾಸ್ತಿ. ಬೂಷ್ಟಿಗೆ ಬೆಳಕಿನ ಹಂಗಿಲ್ಲ, ಕತ್ತಲ ಮೂಲೆಯಲ್ಲೂ ಬೆಳೆಯುತ್ತದೆ.

ಇನ್ನೊಂದು ಇದೆ, ಇದನ್ನು ತುಂಬ ಜನ ಬೂಷ್ಟು ಅಂದುಕೊಳ್ಳುತ್ತಾರೆ. ಗೋಡೆಯ ಕೆಳಭಾಗದಲ್ಲಿ ಬಿಳಿ ಹತ್ತಿಯ ಹಾಗೆ ಉಬ್ಬಿ, ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತದೆ. ಅದು ಉಪ್ಪು. ಇಟ್ಟಿಗೆ, ಸಿಮೆಂಟಿನೊಳಗೆ ಓಡಾಡುವ ನೀರು ಅಲ್ಲಿನ ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಒಂದು ಚಿಟಿಕೆ ತೆಗೆದು ಲೋಟದ ನೀರಿಗೆ ಹಾಕಿ. ಕರಗಿದರೆ ಉಪ್ಪೇ. ಅದಕ್ಕೆ ಬ್ಲೀಚ್ ಹಾಕಿ ಏನೂ ಪ್ರಯೋಜನವಿಲ್ಲ, ಸೀದಾ ಕೊನೆಯ ಭಾಗ ಓದಿ.

"ಇದು ಕೊರೊನಾ ಟೈಮಲ್ಲಿ ಜನ ಸತ್ತರಲ್ಲ, ಆ ಬ್ಲ್ಯಾಕ್ ಫಂಗಸ್ಸೇ ಅಲ್ವಾ?"

ಅಲ್ಲ. 2021ರ ಎರಡನೇ ಅಲೆಯಲ್ಲಿ ಬಂದದ್ದು ಮ್ಯೂಕರ್‌ಮೈಕೋಸಿಸ್. ಅದನ್ನು ತರುವ ಶಿಲೀಂಧ್ರದ ಗುಂಪೇ ಬೇರೆ. ಅದು ಕಪ್ಪು ಬಣ್ಣದ್ದೂ ಅಲ್ಲ. ಅದು ಹಿಡಿದ ಜಾಗದ ಮಾಂಸ ಸತ್ತು ಕಪ್ಪಾಗುತ್ತಿತ್ತು, ಅದರಿಂದ ಆ ಹೆಸರು ಬಂತು. ಹೆಚ್ಚಾಗಿ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನು, ಸ್ಟೀರಾಯ್ಡ್ ಜಾಸ್ತಿ ತೆಗೆದುಕೊಂಡವರನ್ನು ಅದು ಹಿಡಿಯಿತು. ಬಚ್ಚಲು ಗೋಡೆಯ ಮೇಲೆ ಸಾಮಾನ್ಯವಾಗಿ ಬೆಳೆಯುವುದು ಕ್ಲ್ಯಾಡೊಸ್ಪೋರಿಯಮ್, ಆಸ್ಪರ್ಜಿಲ್ಲಸ್, ಆರಿಯೊಬ್ಯಾಸಿಡಿಯಮ್ ತರಹದವು. ಗಾಬರಿ ಬೇಡ. ಆದರೆ ಅಸಡ್ಡೆಯೂ ಬೇಡ.

"ಸೋಪಿನ ಡಬ್ಬಿ ಸುತ್ತ, ಬಕೆಟ್ ತಳದಲ್ಲಿ ಗುಲಾಬಿ ಬಣ್ಣದ ಲೋಳೆ ಬರುತ್ತೆ. ಇದೂ ಬೂಷ್ಟಾ?"

ಇದು ಬ್ಯಾಕ್ಟೀರಿಯಾ. ಹೆಚ್ಚಿನ ಸಲ ಸೆರೇಶಿಯಾ ಮಾರ್ಸೆಸೆನ್ಸ್ ಅನ್ನುವ ಜಾತಿ. ಸೋಪಿನ ಜಿಡ್ಡು ಅದರ ಊಟ. ಬ್ರಶ್ಶಿಗೆ ಸುಲಭವಾಗಿ ಬರುತ್ತದೆ, ತೇವ ಇದ್ದರೆ ವಾರದೊಳಗೆ ವಾಪಸು. ಸೋಪಿನ ಡಬ್ಬಿಗೆ ತಳದಲ್ಲಿ ತೂತಿರಲಿ, ಬಕೆಟ್ ಕವುಚಿ ಇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ಬಚ್ಚಲಲ್ಲಿ ಇಡಬೇಡಿ.

"ಊರಲ್ಲಿ ಅಷ್ಟು ಮಳೆ ಹೊಡೆಯುತ್ತಿತ್ತು. ಆಗ ಬಚ್ಚಲಲ್ಲಿ ಇಷ್ಟು ಬೂಷ್ಟು ನೋಡಿದ ನೆನಪೇ ಇಲ್ಲ, ಯಾಕೆ?"

ನನಗೆ ತುಂಬ ಇಷ್ಟವಾದ ಪ್ರಶ್ನೆ. ನಮ್ಮೂರು ಆಗುಂಬೆಗೆ ದೂರವಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಅಪ್ಪನ ಪುಸ್ತಕಗಳಿಗೆ ಬೂಷ್ಟು. ಬಚ್ಚಲಿಗೆ ಮಾತ್ರ ಕಡಿಮೆ. ಮನೆಯಲ್ಲೇ ಅತಿ ಹೆಚ್ಚು ನೀರು ಬೀಳುವ ಜಾಗ ಮನೆಯಲ್ಲೇ ಅತಿ ಒಣ ಜಾಗವೂ ಆಗಿತ್ತು.

ಕಾರಣ ಹಂಡೆ ಒಲೆ. ಮಳೆಗಾಲದಲ್ಲಿ ಬೆಳಿಗ್ಗೆ ಹೊತ್ತಿಸಿದರೆ ರಾತ್ರಿವರೆಗೂ ಅದರ ಬೂದಿಯಲ್ಲಿ ಕೆಂಡ ಇರುತ್ತಿತ್ತು. ಅಡಿಕೆ ಸಿಪ್ಪೆ, ತೆಂಗಿನ ಸೋಗೆ, ಏನಾದರೊಂದು ಉರಿಯುತ್ತಲೇ ಇತ್ತು. ಗೋಡೆ ಬೆಚ್ಚಗಿತ್ತು. ಬೆಚ್ಚಗಿನ ಗೋಡೆಯ ಮೇಲೆ ಹಬೆ ಹನಿಯಾಗಿ ಕೂರುವುದಿಲ್ಲ. ಮೇಲೆ ಹೆಂಚಿನ ಮಾಡು, ಅದರ ಸಂದಿನಿಂದ ಹೊಗೆ ಹೋಗುವ ದಾರಿಯಲ್ಲೇ ಹಬೆಯೂ ಹೋಗುತ್ತಿತ್ತು. ಗೋಡೆಗೆ ಸುಣ್ಣ. ಅಲ್ಲದೆ ಬಚ್ಚಲು ಹಿತ್ತಿಲ ಕಡೆ, ಮಲಗುವ ಕೋಣೆಗೆ ಅಂಟಿಕೊಂಡಿರಲಿಲ್ಲ.

ಈಗಿನ ಅಟ್ಯಾಚ್ಡ್ ಬಾತ್‌ರೂಮು ನೋಡಿ. ಮೇಲೆ ಕಾಂಕ್ರೀಟು, ಒಂದು ಅಡಿ ಅಗಲದ ವೆಂಟಿಲೇಟರು, ಅದಕ್ಕೂ ಸೊಳ್ಳೆಗೆ ಹೆದರಿ ರಟ್ಟು. ಗೀಸರ್ ನೀರನ್ನಷ್ಟೇ ಬಿಸಿ ಮಾಡುತ್ತದೆ, ಗೋಡೆ ತಣ್ಣಗೇ ಇರುತ್ತದೆ. ಹತ್ತು ನಿಮಿಷದ ಶವರಿನ ಹಬೆಯೆಲ್ಲ ಆ ತಣ್ಣನೆ ಗೋಡೆಗೆ ಕೂರುತ್ತದೆ. ನಮ್ಮ ಅಜ್ಜಿಯ ಹೊಗೆ ತುಂಬಿದ ಬಚ್ಚಲು ವಾಪಸು ಬರಲಿ ಅಂತ ನಾನು ಹೇಳುತ್ತಿಲ್ಲ, ಆ ಹೊಗೆ ಅವರ ಕಣ್ಣನ್ನೂ ಎದೆಯನ್ನೂ ಸುಟ್ಟಿತ್ತು. ಹಬೆಗೆ ಒಂದು ದಾರಿ, ಗೋಡೆ ಒಣಗಲು ಒಂದಿಷ್ಟು ಹೊತ್ತು: ಇವೆರಡು ಆ ಬಚ್ಚಲಿಗೆ ಸಿಗುತ್ತಿದ್ದವು.

"ನಮ್ಮ ಹುಬ್ಬಳ್ಳ್ಯಾಗ ಬಿಸಿಲು ಭಾಳ ಅದ. ಆದ್ರೂ ಬಚ್ಚಲದಾಗ ಬೂಜು ಬರ್ತದಲ್ರಿ, ಯಾಕ?"

ಹೊರಗಿನ ಬಿಸಿಲು ಬಚ್ಚಲಿನೊಳಗೆ ಬರುವುದಿಲ್ಲವಲ್ಲ. ನಿಮ್ಮ ಕಡೆ ಬಹಳ ಬಡಾವಣೆಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ, ಹಾಗಾಗಿ ಡ್ರಮ್ಮು, ಹಂಡೆ, ಬಕೆಟ್ ಎಲ್ಲ ತುಂಬಿಸಿ ಬಚ್ಚಲಲ್ಲೇ ಇಡುತ್ತೀರಿ. ಮುಚ್ಚಳ ಇಲ್ಲದಿದ್ದರೆ ದಿನವಿಡೀ ಅದರಿಂದ ತೇವ ಏಳುತ್ತದೆ. ಡ್ರಮ್ಮಿನ ಹಿಂದಿನ ಗೋಡೆಗೆ ಗಾಳಿಯೇ ತಾಗುವುದಿಲ್ಲ. ಇನ್ನು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಸೋಪು ನೊರೆಯಾಗದೆ ಬಿಳಿ ಜಿಡ್ಡಾಗಿ ಗೋಡೆಗೆ ಅಂಟುತ್ತದೆ. ಟೈಲ್ಸಿನಲ್ಲಿ ಬೂಷ್ಟಿಗೆ ತಿನ್ನಲು ಏನೂ ಇಲ್ಲ, ಈ ಜಿಡ್ಡಿನಲ್ಲಿ ಇದೆ. ಡ್ರಮ್ಮಿಗೆ ಮುಚ್ಚಳ ಹಾಕಿ, ಗೋಡೆಯಿಂದ ಒಂದು ಗೇಣು ದೂರ ಇಡಿ, ವಾರಕ್ಕೊಮ್ಮೆ ಜಿಡ್ಡು ತಿಕ್ಕಿ.

"ಮಗುವಿಗೆ ತಿಂಗಳಿಂದ ಕೆಮ್ಮು. ಈ ಬೂಷ್ಟಿಂದಲೇ ಇರಬಹುದಾ?"

ಇರಬಹುದು, ಆದರೆ ಗೋಡೆ ನೋಡಿ ಅದನ್ನು ಹೇಳಲು ಆಗುವುದಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಬೂಷ್ಟಿದೆ ಅಂತಲೂ ಹೇಳಿ. ನಾವೇ ಹೇಳದಿದ್ದರೆ ಅವರಿಗೆ ಅದು ಗೊತ್ತಾಗುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ತಂದಿತು. ತೇವದ ಮನೆಯಲ್ಲಿ ಇರುವವರಿಗೆ ಉಸಿರಿನ ತೊಂದರೆ, ಅಲರ್ಜಿ, ಆಸ್ತಮಾ ಜಾಸ್ತಿ ಅಂತ ಅದು ಹೇಳುತ್ತದೆ. ಆಸ್ತಮಾ ಇರುವವರು, ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರು, ಅಂಗ ಕಸಿ ಆದವರು ಬೂಷ್ಟು ಉಜ್ಜುವ ಕೆಲಸಕ್ಕೆ ಹೋಗಲೇಬಾರದು. ಆ ಹೊತ್ತಿಗೆ ಅವರನ್ನೂ ಮಕ್ಕಳನ್ನೂ ಬೇರೆ ಕೋಣೆಗೆ, ಸಾಧ್ಯವಾದರೆ ಬೇರೆ ಮನೆಗೇ ಕಳಿಸಿ.

## ಉಜ್ಜುವ ಕೆಲಸ

"ಸರಿ, ತೊಳೆಯೋದು ಹೇಗೆ? ಒಂದೊಂದಾಗಿ ಹೇಳಿ ಅಕ್ಕಾ."

ಕಿಟಕಿ ತೆಗೆಯಿರಿ, ಕೋಣೆಯ ಕಡೆಯ ಬಾಗಿಲು ಮುಚ್ಚಿ. ಎನ್95 ಮಾಸ್ಕು, ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕಿ. ಟವೆಲು, ಹಲ್ಲುಜ್ಜುವ ಬ್ರಶ್ಶು ಎಲ್ಲ ಹೊರಗೆ.

ಮೊದಲು ಗೋಡೆಯನ್ನು ಒದ್ದೆ ಮಾಡಿ. ಇದನ್ನು ಮರೆಯಬೇಡಿ. ಒಣ ಬೂಷ್ಟನ್ನು ಬ್ರಶ್ಶಿನಿಂದ ಕೆರೆದರೆ ಅದರ ಬೀಜಕಣಗಳು ಗಾಳಿಗೆ ಏಳುತ್ತವೆ, ನಿಮ್ಮ ಮೂಗಿಗೂ ಹೋಗುತ್ತವೆ, ಪಕ್ಕದ ಗೋಡೆಗೂ ಹೋಗುತ್ತವೆ. ಬಟ್ಟೆ ಒಗೆಯುವ ಪುಡಿ ಕಲಸಿದ ಬಿಸಿನೀರು ಹಚ್ಚಿ, ಐದು ನಿಮಿಷ ಬಿಟ್ಟು, ಪ್ಲಾಸ್ಟಿಕ್ ಬ್ರಶ್ಶಿನಿಂದ ಕೆಳಗಿನಿಂದ ಮೇಲಕ್ಕೆ ತಿಕ್ಕಿ. ಹಳೇ ಬಟ್ಟೆಯಿಂದ ಒರೆಸಿ ತೆಗೆದು, ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ತೊಳೆಯಿರಿ. ಟೈಲ್ಸಿನಲ್ಲಿ ಇನ್ನೂ ಕಪ್ಪು ಉಳಿದಿದ್ದರೆ ಮಾತ್ರ ಬ್ಲೀಚ್.

ಕೊನೆಗೆ ಒಣಗಿಸಿ. ಬಾಗಿಲಲ್ಲಿ ಟೇಬಲ್ ಫ್ಯಾನ್ ಇಟ್ಟು ಎರಡು ಮೂರು ಗಂಟೆ ಬಿಡಿ, ವಯರು ನೀರಿಗೆ ತಾಗದ ಹಾಗೆ. ಒಣಗಿಸದೆ ಬಿಟ್ಟರೆ ಬೂಷ್ಟಿಗೆ ನೀರು ಹಾಕಿದ ಹಾಗೇ ಆಯಿತು.

ಮೂರು ಅಡಿಗೆ ಮೂರು ಅಡಿಯಷ್ಟು ಜಾಗದವರೆಗೆ ಮನೆಯವರೇ ಮಾಡಿಕೊಳ್ಳಬಹುದು ಅಂತ ಅಮೆರಿಕದ ಪರಿಸರ ಇಲಾಖೆ ಹೇಳುತ್ತದೆ. ನನಗೂ ಅದು ಸರಿ ಅನ್ನಿಸಿದೆ. ಅದಕ್ಕಿಂತ ಜಾಸ್ತಿ ಹರಡಿದ್ದರೆ ಕೆಲಸದವರನ್ನು ಕರೆಸಿ.

"ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ಜಾಸ್ತಿ ಹಾಕಿದರೆ ಜಾಸ್ತಿ ಕೆಲಸ ಮಾಡುತ್ತಾ?"

ಮಾಡುವುದಿಲ್ಲ, ಉಸಿರು ಕಟ್ಟಿಸುತ್ತದೆ ಅಷ್ಟೇ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಹೊಸದಾಗಿದ್ದರೆ ಅದರಲ್ಲಿ ಮೂರನೇ ಒಂದು ಭಾಗದಷ್ಟು ಕ್ಲೋರಿನ್ ಇರುತ್ತದೆ. ಎರಡು ಟೀ ಚಮಚ, ಅಂದರೆ ಸುಮಾರು 10 ಗ್ರಾಂ, ಒಂದು ಲೀಟರ್ ತಣ್ಣೀರಿಗೆ ಸಾಕು. ಪ್ಲಾಸ್ಟಿಕ್ ಬಕೆಟಿನಲ್ಲಿ ಕಲಸಿ ಅರ್ಧ ಗಂಟೆ ಬಿಡಿ. ಸುಣ್ಣ ತಳದಲ್ಲಿ ಕೂರುತ್ತದೆ, ಮೇಲಿನ ತಿಳಿ ಬಳಸಿ. ಅಂಗಡಿಯಲ್ಲಿ ಸಿಗುವ 4ರಿಂದ 5 ಶೇಕಡಾದ ದ್ರವ ಬ್ಲೀಚಾದರೆ ಲೀಟರಿಗೆ 60 ಮಿಲಿ. ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಿರಿ. ತೆರೆದಿಟ್ಟ ಹಳೇ ಪೌಡರಿನ ಶಕ್ತಿ ಹೋಗಿರುತ್ತದೆ.

ಬ್ಲೀಚ್ ಟೈಲ್ಸಿಗೆ, ಕಮೋಡಿಗೆ ಸರಿ. ಬಣ್ಣ ಬಳಿದ ಗಾರೆ ಗೋಡೆಗೆ ನಾನು ಹಾಕುವುದಿಲ್ಲ. ಅದರ ಕ್ಲೋರಿನ್ ಮೇಲ್ಪದರದಲ್ಲೇ ಮುಗಿದುಹೋಗುತ್ತದೆ, ನೀರು ಮಾತ್ರ ಒಳಗೆ ಇಳಿಯುತ್ತದೆ. ಮೇಲಿನ ಕಪ್ಪು ಬೆಳ್ಳಗಾಗುತ್ತದೆ, ಬೇರು ಹಾಗೇ ಇರುತ್ತದೆ. ಇನ್ನೊಂದು ಮಾತು. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ. ಹಾಗಾಗಿ ಕೊಂದರೆ ಸಾಲದು, ತಿಕ್ಕಿ ತೆಗೆಯಲೇಬೇಕು.

"ಆಸಿಡ್ಡೂ ಬ್ಲೀಚಿಂಗ್ ಪೌಡರ್ರೂ ಸೇರಿಸಿದರೆ ಸ್ಟ್ರಾಂಗ್ ಆಗುತ್ತೆ ಅಂತಾರಲ್ಲ?"

ದಯವಿಟ್ಟು ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವ ತೆಗೆಯಬಲ್ಲದು. ಕಕ್ಕಸು ತೊಳೆಯುವ ಬಹಳಷ್ಟು ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ಡೇ ಇರುವುದು, ಲೇಬಲ್ ಓದಿ. ವಿನೆಗರ್, ನಿಂಬೆ ರಸ ಕೂಡ ಆಸಿಡ್ಡೇ. ಅಮೋನಿಯಾ ಇರುವ ಗಾಜು ಒರೆಸುವ ದ್ರವದ ಜೊತೆಗೂ ಬ್ಲೀಚ್ ಸೇರಬಾರದು, ಸ್ಪಿರಿಟ್ಟಿನ ಜೊತೆಗೂ ಸೇರಬಾರದು.

ನಮ್ಮ ಮಹಡಿಯ ಒಂದು ಮನೆಗೆ ಕೆಲಸಕ್ಕೆ ಬರುತ್ತಿದ್ದ ಅಕ್ಕ ಹೀಗೇ ಮಾಡಿದರು. ಕಮೋಡಿಗೆ ಆಸಿಡ್ ಹಾಕಿ, ಅದು ನೆನೆಯಲಿ ಅಂತ ಬಿಟ್ಟು, ಗೋಡೆಗೆ ಬ್ಲೀಚ್ ಎರಚಿದರು. ಎರಡನ್ನೂ ಕಲಸಿದ್ದೂ ಅಲ್ಲ, ಹರಿದುಹೋಗಿ ಸೇರಿಕೊಂಡವು. ಕೆಮ್ಮುತ್ತಾ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವರಿಗೆ ಗಂಟೆಗಟ್ಟಲೆ ಸರಿಯಾಗಿ ಮಾತಾಡಲು ಆಗಲಿಲ್ಲ. ಅವತ್ತು ಬಾಗಿಲು ತೆರೆದಿದ್ದಿದ್ದೇ ಪುಣ್ಯ. ಮನೆ ಕೆಲಸಕ್ಕೆ ಬರುವವರಿಗೆ ಇದನ್ನು ಕೂರಿಸಿ ಹೇಳಿ. ಆಸಿಡ್ ಹಾಕುವ ದಿನ ಬೇರೆ, ಬ್ಲೀಚಿನ ದಿನ ಬೇರೆ ಇರಲಿ. ಆಕಸ್ಮಿಕವಾಗಿ ಸೇರಿದರೆ ಅಲ್ಲಿ ನಿಂತು ತೊಳೆಯಲು ಹೋಗಬೇಡಿ. ಮೊದಲು ಹೊರಗೆ ಬನ್ನಿ. ಉಸಿರಾಟ ಸರಿಯಾಗದಿದ್ದರೆ ಸೀದಾ ಆಸ್ಪತ್ರೆಗೆ.

"ಕೆಮಿಕಲ್ ಬೇಡ ಅಂದ್ರೆ ವಿನೆಗರ್, ನಿಂಬೆಹಣ್ಣು, ಬೇವಿನ ಸೊಪ್ಪು, ಕರ್ಪೂರ?"

ಬಿಳಿ ವಿನೆಗರ್ ಕೆಲವು ಬೂಷ್ಟಿಗೆ ಕೆಲಸ ಮಾಡುತ್ತದೆ. ನೀರು ಬೆರೆಸದೆ ಸಿಂಪಡಿಸಿ, ಒಂದು ಗಂಟೆ ಬಿಟ್ಟು ತಿಕ್ಕಬೇಕು. ಗ್ಲೇಜ್ಡ್ ಟೈಲ್ಸಿಗೆ ಪರವಾಗಿಲ್ಲ. ಆದರೆ ಮಾರ್ಬಲ್, ಕಡಪ ಕಲ್ಲು, ಹಳೇ ಮನೆಗಳ ಮೊಸಾಯಿಕ್, ಕೆಂಪು ಕಾವಿ ನೆಲ ಇವಕ್ಕೆಲ್ಲ ಹುಳಿ ಆಗದು, ಹೊಳಪು ಹೋಗಿ ತಿಂದುಹಾಕಿದ ಹಾಗಾಗುತ್ತದೆ. ಟೈಲ್ಸ್ ಸಂದಿನ ಸಿಮೆಂಟೂ ಅಷ್ಟೇ. ನಿಂಬೆಹಣ್ಣಿಗೂ ಇದೇ ಮಾತು. ಅಡುಗೆ ಸೋಡಾ ಪೇಸ್ಟ್ ಮಾಡಿ ತಿಕ್ಕಿದರೆ ಜಿಡ್ಡು ಚೆನ್ನಾಗಿ ಬರುತ್ತದೆ, ಗೋಡೆಗೆ ಏಟಿಲ್ಲ. ನಾನು ಜಾಸ್ತಿ ಬಳಸುವುದು ಅದನ್ನೇ. ಸೋಡಾ ಮತ್ತು ವಿನೆಗರ್ ಒಟ್ಟಿಗೆ ಹಾಕಿದರೆ ನೊರೆ ಬರುತ್ತದೆ, ಆದರೆ ಎರಡರ ಶಕ್ತಿಯೂ ಅಲ್ಲೇ ಮುಗಿಯುತ್ತದೆ. ಬೇವು, ಕರ್ಪೂರ, ಧೂಪದಿಂದ ವಾಸನೆ ಮುಚ್ಚಬಹುದು. ಗೋಡೆಯ ಬೂಷ್ಟು ಹೋಗುವುದಿಲ್ಲ.

"ಟೈಲ್ಸ್ ಸಂದು, ವಾಶ್ ಬೇಸಿನ್ ಅಂಚಿನ ಬಿಳಿ ಗಮ್ಮು ಕಪ್ಪಾಗಿದೆ. ಎಷ್ಟು ತಿಕ್ಕಿದರೂ ಹೋಗಲ್ಲ."

ಬೇಸಿನ್ ಅಂಚಿನದು ಸಿಲಿಕಾನ್. ಕಪ್ಪು ಅದರೊಳಗೇ ಇಳಿದಿದ್ದರೆ ತಿಕ್ಕಿ ಕೈ ನೋಯಿಸಿಕೊಳ್ಳಬೇಡಿ. ಬ್ಲೇಡಿನಿಂದ ಪೂರ್ತಿ ಕೊಯ್ದು ತೆಗೆಯಿರಿ, ಒಂದು ದಿನ ಒಣಗಲು ಬಿಡಿ, ಬೂಷ್ಟು ತಡೆಯುವ ಸ್ಯಾನಿಟರಿ ಸಿಲಿಕಾನ್ ಹಾಕಿಸಿ, ಮತ್ತೊಂದು ದಿನ ನೀರು ತಾಗಿಸಬೇಡಿ. ಹಳೆಯದರ ಮೇಲೆ ಹೊಸದನ್ನು ಮೆತ್ತಿದರೆ ತಿಂಗಳಲ್ಲಿ ಮೊದಲಿನ ಸ್ಥಿತಿ.

ಟೈಲ್ಸ್ ಸಂದಿನಲ್ಲಿ ಸಾಮಾನ್ಯವಾಗಿ ಇರುವುದು ವೈಟ್ ಸಿಮೆಂಟು, ಅದು ನೀರು ಹೀರುತ್ತದೆ. ಸಂದು ಕೆರೆದು ತೆಗೆದು ಎಪಾಕ್ಸಿ ಗ್ರೌಟ್ ತುಂಬಿಸಿದರೆ ನೀರು ಇಳಿಯುವುದಿಲ್ಲ. ದುಬಾರಿ, ಕೈ ಪಳಗಿದವರೇ ಮಾಡಬೇಕು. ಆದರೂ ಶವರ್ ಬೀಳುವ ಗೋಡೆಗೆ, ನೆಲಕ್ಕೆ ಮಾತ್ರವಾದರೂ ಮಾಡಿಸಿ.

## ಮತ್ತೆ ಬರದ ಹಾಗೆ

"ಪ್ರತಿ ತಿಂಗಳು ತೊಳಿತೀನಿ. ಪ್ರತಿ ತಿಂಗಳೂ ಬರುತ್ತೆ. ಏನು ತಪ್ಪು ಮಾಡ್ತಿದೀನಿ?"

ತೊಳೆಯುವುದರಲ್ಲಿ ತಪ್ಪಿಲ್ಲ. ಗೋಡೆ ಒಣಗುತ್ತಿಲ್ಲ. ಬೂಷ್ಟಿನ ಬೀಜಕಣ ಎಲ್ಲ ಮನೆಯ ಗಾಳಿಯಲ್ಲೂ ಇದ್ದೇ ಇರುತ್ತದೆ, ಅದನ್ನು ಪೂರ್ತಿ ಹೊರಗಿಡಲು ಆಗುವುದಿಲ್ಲ. ನಮ್ಮ ಕೈಯಲ್ಲಿ ಇರುವುದು ತೇವ ಒಂದೇ. ಒದ್ದೆಯಾದದ್ದು 24ರಿಂದ 48 ಗಂಟೆಯೊಳಗೆ ಒಣಗಿದರೆ ಹೆಚ್ಚಿನ ಸಲ ಬೂಷ್ಟು ಹತ್ತುವುದಿಲ್ಲ. ನಾಲ್ಕು ಜನರ ಮನೆಯಲ್ಲಿ ಬೆಳಿಗ್ಗೆ ಇಬ್ಬರು, ಸಂಜೆ ಇಬ್ಬರು ಸ್ನಾನ ಮಾಡಿದರೆ ಗೋಡೆ ಒಣಗುವ ಹೊತ್ತೇ ಬರುವುದಿಲ್ಲ, ನೀವೇ ಲೆಕ್ಕ ಹಾಕಿ.

ಸ್ನಾನ ಮುಗಿಸಿದವರು ಗೋಡೆಗೂ ನೆಲಕ್ಕೂ ಒಮ್ಮೆ ವೈಪರ್ ಎಳೆದು ಬರಲಿ. ಒಂದು ನಿಮಿಷದ ಕೆಲಸ. ನಮ್ಮ ಮನೆಯಲ್ಲಿ ಬೇರೆಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಇದೇ. ಒದ್ದೆ ಟವೆಲು, ನೆನೆಸಿದ ಬಟ್ಟೆ, ಕಾಲೊರಸು ಒಳಗೆ ಬಿಡಬೇಡಿ.

"ಎಕ್ಸಾಸ್ಟ್ ಫ್ಯಾನ್ ಹಾಕಿಸಿದೀವಿ, ಆದ್ರೂ ಏನೂ ಉಪಯೋಗ ಆಗಿಲ್ಲ."

ಫ್ಯಾನ್ ತಿರುಗುವಾಗ ಒಂದು ಟಿಶ್ಯೂ ಪೇಪರ್ ಅದರ ಹತ್ತಿರ ಹಿಡಿಯಿರಿ. ಜೋರಾಗಿ ಎಳೆದುಕೊಳ್ಳಬೇಕು. ಇಲ್ಲದಿದ್ದರೆ ಧೂಳು, ಜಿಡ್ಡು ಕಟ್ಟಿದೆ, ಬಿಚ್ಚಿ ತೊಳೆಸಿ. ಎಳೆಯುತ್ತಿದ್ದೂ ಪ್ರಯೋಜನವಿಲ್ಲ ಅಂದರೆ ಬಾಗಿಲ ಕೆಳಗೆ ನೋಡಿ. ಅರ್ಧ ಇಂಚಾದರೂ ಸಂದಿರಬೇಕು. ಒಳಗೆ ಬರಲು ದಾರಿ ಇಲ್ಲದ ಗಾಳಿಯನ್ನು ಫ್ಯಾನ್ ಹೊರಗೆ ತಳ್ಳುವುದು ಹೇಗೆ? ಫಾಲ್ಸ್ ಸೀಲಿಂಗಿನ ಒಳಗೆ ಗಾಳಿ ಬಿಡುವ ಫ್ಯಾನೂ ನೋಡಿದ್ದೇನೆ. ಅದು ಬೂಷ್ಟನ್ನು ಅಟ್ಟಕ್ಕೆ ಸಾಗಿಸುತ್ತದೆ, ಅಷ್ಟೇ.

5 ಅಡಿ ಅಗಲ, 8 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲು ಅಂದರೆ ಸುಮಾರು 9 ಘನ ಮೀಟರ್. ಗಂಟೆಗೆ ಹತ್ತು ಸಲ ಗಾಳಿ ಬದಲಾಗಲು 90 ಘನ ಮೀಟರ್ ಎಳೆಯುವ ಫ್ಯಾನ್ ಸಾಕು, 6 ಇಂಚಿನದು ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿಯೇ ಎಳೆಯುತ್ತದೆ. ಡಬ್ಬಿಯ ಮೇಲೆ ಬರೆದಿರುತ್ತಾರೆ. ಸ್ನಾನ ಮಾಡುವಾಗ ಹಾಕಿ, ಮುಗಿದ ಮೇಲೂ ಅರ್ಧ ಗಂಟೆ ಬಿಡಿ. ಕರೆಂಟ್ ಬಿಲ್ಲಿಗೆ ಹೆದರಿ ಆರಿಸುವವರು ಜಾಸ್ತಿ. 30 ವಾಟ್ ಫ್ಯಾನ್ ದಿನಕ್ಕೆ ಒಂದು ಗಂಟೆ ತಿರುಗಿದರೆ ತಿಂಗಳಿಗೆ ಒಂದು ಯೂನಿಟ್ಟೂ ಆಗುವುದಿಲ್ಲ.

"ಚಳಿ, ಸೊಳ್ಳೆ ಅಂತ ವೆಂಟಿಲೇಟರ್ ಮುಚ್ಚಿಬಿಟ್ಟರೆ?"

ಬೂಷ್ಟಿನ ಮಾತು ಆಮೇಲೆ. ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ವೆಂಟಿಲೇಟರ್ ಮುಚ್ಚುವುದು ಪ್ರಾಣಕ್ಕೇ ಅಪಾಯ. ಗ್ಯಾಸ್ ಉರಿಯಲು ಗಾಳಿ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ವಾಪಸು ಬರದ ಸುದ್ದಿ ನಮ್ಮ ರಾಜ್ಯದಲ್ಲೂ ಮತ್ತೆ ಮತ್ತೆ ಓದುತ್ತೇವೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಬಯಲು ಗಾಳಿ ಆಡುವ ಕಡೆ ಇರಬೇಕು, ಪೈಪಿನಲ್ಲಿ ನೀರು ಮಾತ್ರ ಒಳಗೆ ಬರಲಿ. ಸೊಳ್ಳೆಗೆ ಜಾಲರಿ ಬಡಿಸಿ, ರಟ್ಟು ಬೇಡ.

"ಮಂಗಳೂರಲ್ಲಿ ಜೂನ್ ಬಂದ ಮೇಲೆ ಹೊರಗಿನ ಗಾಳಿಯೇ ಒದ್ದೆ ಮಾರಾಯ್ರೆ. ಕಿಟಕಿ ತೆಗೆದು ಎಂತ ಮಾಡುದು?"

ನೀವು ಹೇಳುವುದು ಸರಿ. ಕರಾವಳಿ, ಮಲೆನಾಡಿನಲ್ಲಿ ಆ ಮೂರು ತಿಂಗಳು ಗಾಳಿ ಆಡಿಸಿದರೆ ಹಬೆ ಹೊರಗೆ ಹೋಗುತ್ತದೆ, ಗೋಡೆ ಪೂರ್ತಿ ಒಣಗುವುದಿಲ್ಲ. ಕೆಲವು ನೂರು ರೂಪಾಯಿಗೆ ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ತಂದಿಡಿ. ಒಳಗೆ 60 ಶೇಕಡಾದ ಕೆಳಗಿದ್ದರೆ ಒಳ್ಳೆಯದು. ಪಕ್ಕದ ಕೋಣೆಯಲ್ಲಿ ಎಸಿ ಇದ್ದರೆ ಡ್ರೈ ಮೋಡಿಗೆ ಹಾಕಿ, ಸ್ನಾನದ ಹಬೆ ಹೊರಗೆ ಹೋದ ಮೇಲೆ ಬಚ್ಚಲ ಬಾಗಿಲು ತೆರೆದಿಡಿ. ಎಸಿ ಇಲ್ಲದವರಿಗೆ ಫ್ಯಾನೇ ಗತಿ.

ಹೊರಗಿನ ಗೋಡೆಯನ್ನೂ ನೋಡಿ. ನಿಮ್ಮ ಕಡೆ ಮಳೆ ಪಡುವಣದಿಂದ ಹೊಡೆಯುತ್ತದೆ, ಕೆಂಪು ಕಲ್ಲು ನೀರು ಕುಡಿಯುತ್ತದೆ. ಹಿಂದೆ ಆ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರಲ್ಲ, ಅದು ಬುದ್ಧಿವಂತಿಕೆ. ಈಗ ತಗಡಿನ ಶೀಟಾದರೂ ಹಾಕಿಸಿ, ಗೋಡೆಗೂ ಶೀಟಿಗೂ ನಡುವೆ ಗಾಳಿ ಆಡಲು ಜಾಗ ಇರಲಿ.

"ಆ್ಯಂಟಿ ಫಂಗಲ್ ಪೇಂಟ್ ಹೊಡೆಸಿದರೆ ಮುಗೀತಲ್ವಾ? ಹಳೇ ಕಾಲದ ಸುಣ್ಣ ಒಳ್ಳೇದಾ?"

ಬೂಷ್ಟಿನ ಮೇಲೆ ಯಾವ ಪೇಂಟ್ ಹೊಡೆದರೂ ಅದು ಅಡಿಯಿಂದ ಎದ್ದು ಬರುತ್ತದೆ. ಮೊದಲು ಬೂಷ್ಟು ತೊಳೆದು, ಎದ್ದಿರುವ ಬಣ್ಣವನ್ನು ಒದ್ದೆ ಮಾಡಿ ಗಾರೆವರೆಗೆ ಕೆರೆದು, ವಾರಗಟ್ಟಲೆ ಒಣಗಲು ಬಿಟ್ಟು, ಪ್ರೈಮರ್ ಹೊಡೆದು, ಆಮೇಲೆ ಪೇಂಟ್. ಹಾಗಾಗಿ ಈ ಕೆಲಸ ಫೆಬ್ರವರಿ, ಮಾರ್ಚಿನಲ್ಲಿ ಇಟ್ಟುಕೊಳ್ಳಿ. ಆ್ಯಂಟಿ ಫಂಗಲ್ ಪೇಂಟಿನಲ್ಲಿರುವ ಔಷಧಿ ಕೆಲವು ವರ್ಷಕ್ಕೆ ಕರಗಿಹೋಗುತ್ತದೆ, ಒಳಗಿನಿಂದ ಒಸರುವ ಗೋಡೆಗೆ ಅದೂ ನಿಲ್ಲುವುದಿಲ್ಲ.

ಸುಣ್ಣದ ವಿಷಯದಲ್ಲಿ ನಮ್ಮ ಹಿರಿಯರು ಮಾಡಿದ್ದು ಸರಿಯಾಗಿತ್ತು. ಹೊಸ ಸುಣ್ಣದ ಪಿಎಚ್ 12ರ ಆಸುಪಾಸು, ಅಷ್ಟು ಕ್ಷಾರದಲ್ಲಿ ಬೂಷ್ಟು ಬದುಕುವುದಿಲ್ಲ. ಅಲ್ಲದೆ ಸುಣ್ಣದ ಗೋಡೆ ಉಸಿರಾಡುತ್ತದೆ, ಕುಡಿದ ತೇವವನ್ನು ಬಿಟ್ಟುಕೊಡುತ್ತದೆ. ಆದರೆ ಗಾಳಿ ತಾಗುತ್ತಾ ಅದು ನಿಧಾನಕ್ಕೆ ಕಲ್ಲಾಗುತ್ತದೆ, ಕ್ಷಾರ ಕಳೆದುಕೊಳ್ಳುತ್ತದೆ. ವರ್ಷ ವರ್ಷ ಹಬ್ಬಕ್ಕೆ ಮೊದಲು ಸುಣ್ಣ ಬಳಿಯುವ ರೂಢಿ ಅದಕ್ಕೂ ಸರಿಹೋಗುತ್ತಿತ್ತು. ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ಹಿಡಿಯುವುದಿಲ್ಲ. ಬರೀ ಗಾರೆಯ ಗೋಡೆಯಾದರೆ ಖಂಡಿತ ಬಳಿಯಿರಿ. ಕಣ್ಣು ಜೋಪಾನ.

## ಬಾಡಿಗೆ ಮನೆ, ಪರದೇಶದ ಮನೆ

"ಓನರ್ ಅಂಕಲ್ 'ನೀವೇ ಕ್ಲೀನ್ ಇಟ್ಟುಕೊಳ್ಳಲ್ಲ' ಅಂತಾರೆ. ರಿಪೇರಿ ಯಾರ ಖರ್ಚು?"

ಸ್ನಾನದ ಹಬೆಯಿಂದ ಬಂದ ಬೂಷ್ಟು ಒರೆಸುವುದು ಬಾಡಿಗೆಯವರ ಕೆಲಸ. ಪೈಪು, ಛಾವಣಿ, ಹೊರಗೋಡೆಯಿಂದ ಬರುವ ನೀರು ನಿಲ್ಲಿಸುವುದು ಓನರ್ ಕೆಲಸ. ನ್ಯಾಯವಾಗಿ ನೋಡಿದರೆ ಹೀಗೆ. ಮೊದಲು ಅಗ್ರಿಮೆಂಟಿನಲ್ಲಿ ಏನು ಬರೆದಿದೆ ನೋಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ತಾನು ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಲೀಕ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಅಗ್ರಿಮೆಂಟಿನಲ್ಲಿ ಬೇರೆ ಮಾತಿದ್ದರೆ ಅದೇ ನಡೆಯುತ್ತದೆ, ಹಾಗಾಗಿ ಹಣ ಮುರಿಯುವ ಮೊದಲು ವಕೀಲರನ್ನು ಕೇಳಿ.

ಮನೆಗೆ ಹೋಗುವ ದಿನವೇ ಬಚ್ಚಲು ಸೀಲಿಂಗಿನ, ಬೀರು ಹಿಂದಿನ ಗೋಡೆಯ ಫೋಟೋ ತೆಗೆದು ಓನರಿಗೆ ಕಳಿಸಿಡಿ. ಒಂದು ಮನೆ ಬಿಡುವಾಗ ನಾನು ಬರುವ ಮೊದಲೇ ಇದ್ದ ತೇವಕ್ಕೂ ನನ್ನ ಅಡ್ವಾನ್ಸಿನಲ್ಲಿ ಪೇಂಟಿಂಗ್ ದುಡ್ಡು ಮುರಿದರು. ತೋರಿಸಲು ನನ್ನ ಹತ್ತಿರ ಒಂದು ಚಿತ್ರವೂ ಇರಲಿಲ್ಲ.

"ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಮಳೆಗಿಂತ ಚಳಿಗಾಲದಲ್ಲೇ ಬೂಷ್ಟಂತೆ!"

ಹೌದು. ಹೊರಗೋಡೆ ಕೊರೆಯುತ್ತದೆ, ಒಳಗೆ ಅಡುಗೆ, ಸ್ನಾನ, ರೇಡಿಯೇಟರ್ ಮೇಲೆ ಒಣಹಾಕಿದ ಬಟ್ಟೆ. ಎಲ್ಲ ಹಬೆಯೂ ಆ ಗೋಡೆಗೆ ಕೂರುತ್ತದೆ. ಹೊರಗಿನ ತಣ್ಣನೆ ಗಾಳಿಯಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಅಲ್ಲಿ ಚಳಿಯಲ್ಲೂ ಸ್ವಲ್ಪ ಹೊತ್ತು ಕಿಟಕಿ ತೆಗೆಯುವುದು ನಿಜವಾಗಿ ಕೆಲಸ ಮಾಡುತ್ತದೆ. ಅಲ್ಲಿನ ಜಿಪ್ಸಮ್ ಹಲಗೆಯ ಗೋಡೆ ಪೂರ್ತಿ ನೆನೆದು ಬೂಷ್ಟು ಹಿಡಿದರೆ ಆ ತುಂಡನ್ನೇ ಕತ್ತರಿಸಿ ಬದಲಿಸಬೇಕು.

ರೋಚ್‌ಡೇಲಿನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಮಗು ಬೂಷ್ಟು ಹಿಡಿದ ಮನೆಯಿಂದಾಗಿ ತೀರಿಕೊಂಡಿತು. ಅಪ್ಪ ಅಮ್ಮ ಮೊದಲಿನಿಂದಲೂ ದೂರು ಕೊಡುತ್ತಲೇ ಇದ್ದರು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿ ಮನೆಗಳಿಗೆ, ಅಂದರೆ ಸ್ಥಳೀಯ ಆಡಳಿತ, ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ, ಜಾರಿಗೆ ಬಂದಿದೆ. ತುರ್ತು ಅಪಾಯವಾದರೆ 24 ಗಂಟೆಯೊಳಗೆ ಸರಿಪಡಿಸಬೇಕು. ಮಗಳು ದೂರನ್ನು ಬಾಯಲ್ಲಿ ಹೇಳದೆ ಬರವಣಿಗೆಯಲ್ಲೇ ಕೊಡಲಿ.

## ಗೋಡೆಯೊಳಗಿನ ನೀರು

"ಹಬೆಯಿಂದ ಬಂದಿದ್ದಾ, ಗೋಡೆಯೊಳಗಿನ ಲೀಕಾ ಅಂತ ಒಡೆಯದೆ ತಿಳಿಯೋದು ಹೇಗೆ?"

ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿ ಒಣಗಿಸಿದ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಇದ್ದರೆ ಹಬೆ. ಗೋಡೆಯ ಕಡೆ ಹನಿ ಕಟ್ಟಿದ್ದರೆ ನೀರು ಒಳಗಿನಿಂದ ಬರುತ್ತಿದೆ.

ಒಳಗಿನಿಂದ ಅಂತಾದರೆ ಮುಂದಿನ ಪ್ರಶ್ನೆ, ಸಪ್ಲೈ ಪೈಪಾ, ಡ್ರೈನಾ? ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮೀಟರ್ ರೀಡಿಂಗ್ ಬರೆದಿಡಿ. ಮೀಟರ್ ಇಲ್ಲದಿದ್ದರೆ ಮೋಟರ್ ಆಫ್ ಮಾಡಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಬದಲಾಗಿದ್ದರೆ ನೀರು ತುಂಬಿದ ಪೈಪೇ ಸೋರುತ್ತಿದೆ. ಹಳೇ ಮನೆಗಳಲ್ಲಿ ತುಕ್ಕು ಹಿಡಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಹೊಸ ಮನೆಗಳಲ್ಲಿ ಸರಿಯಾಗಿ ಅಂಟದ ಸಿಪಿವಿಸಿ (ಪ್ಲಾಸ್ಟಿಕ್ ಪೈಪಿನ) ಜಾಯಿಂಟು. ಇನ್ನೂ ಸುಲಭದ ದಾರಿ: ಹತ್ತು ದಿನ ಊರಿಗೆ ಹೋಗುವಾಗ ತೇವದ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ಹೋಗಿ. ವಾಪಸು ಬಂದಾಗ ತೇವ ಗೆರೆ ದಾಟಿದ್ದರೆ ಸಪ್ಲೈ ಪೈಪು. ಒಣಗಿ ಒಳಗೆ ಸರಿದಿದ್ದರೆ ಡ್ರೈನು ಅಥವಾ ಟೈಲ್ಸ್ ಸಂದು, ಯಾಕೆಂದರೆ ಬಳಸಿದಾಗ ಮಾತ್ರ ಅಲ್ಲಿ ನೀರಿರುತ್ತದೆ.

"ಬಚ್ಚಲು ಸರಿಯಾಗೇ ಇದೆ. ಅದರ ಹಿಂದಿನ ಬೆಡ್‌ರೂಮ್ ಕಪಾಟಿನಲ್ಲಿ ಸೀರೆಗೆಲ್ಲ ಬೂಷ್ಟು!"

ಟೈಲ್ಸ್ ಇರುವ ಕಡೆ ತೇವ ಹೊರಗೆ ಬರಲಾರದು, ಹಾಗಾಗಿ ಬೆಡ್‌ರೂಮ್ ಕಡೆಯ ಗಾರೆಯಿಂದ ಬರುತ್ತದೆ. ಕಪಾಟಿನ ಹಲಗೆ ಅದನ್ನು ಹಿಡಿದಿಡುತ್ತದೆ. ಬಚ್ಚಲಿನ ಪಕ್ಕದ ಗೋಡೆಗೆ ಬೀರು ಒತ್ತಿಸಬೇಡಿ, ಮೂರು ನಾಲ್ಕು ಇಂಚು ಬಿಡಿ. ಗೋಡೆಗೇ ಕೂರಿಸಿದ ಕಪಾಟಾದರೆ ಹಿಂದಿನ ಹಲಗೆ ಬಿಚ್ಚಿಸಿ ನೋಡದೆ ಬೇರೆ ದಾರಿ ಇಲ್ಲ. ರೇಷ್ಮೆ ಸೀರೆಗೆ ಬ್ಲೀಚ್ ತಾಗಿಸಬೇಡಿ. ನೆರಳಲ್ಲಿ ಗಾಳಿಗೆ ಹಾಕಿ, ಒಣಗಿದ ಮೇಲೆ ಮೆತ್ತನೆ ಬ್ರಶ್ಶಿನಿಂದ ಹೊರಗೆ ನಿಂತು ಒರೆಸಿ, ಡ್ರೈ ಕ್ಲೀನಿಗೆ ಕೊಡಿ.

"ಮೇಲಿನ ಮನೆ ಬಚ್ಚಲಿನ ನೀರು ನಮ್ಮ ಸೀಲಿಂಗಿಗೆ ಇಳೀತಿದೆ. ಕೆಳಗಿನಿಂದಲೇ ಏನಾದ್ರೂ ಹಚ್ಚಬಹುದಾ?"

ಕೆಳಗಿನಿಂದ ಹಚ್ಚುವ ಯಾವ ಕೆಮಿಕಲ್ಲೂ ನಿಲ್ಲುವುದಿಲ್ಲ. ಫ್ಲ್ಯಾಟುಗಳಲ್ಲಿ ಬಚ್ಚಲಿನ ಸ್ಲ್ಯಾಬನ್ನು ಸುಮಾರು ಒಂದು ಅಡಿ ತಗ್ಗಿಸಿ ಹಾಕಿರುತ್ತಾರೆ. ಆ ಗುಂಡಿಯಲ್ಲಿ ಡ್ರೈನ್ ಪೈಪು ಎಳೆದು, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕುತ್ತಾರೆ. ಸಂದಿನಿಂದ, ನಾನಿ ಟ್ರ್ಯಾಪಿನ (ನೆಲದ ನೀರು ಇಳಿದುಹೋಗುವ ತೂತಿನ) ಸುತ್ತಲಿನಿಂದ ಇಳಿದ ನೀರು ಆ ಚೂರಿನಲ್ಲಿ ಕೆರೆಯ ಹಾಗೆ ನಿಲ್ಲುತ್ತದೆ. ಕೆಳಗಿನ ಸೀಲಿಂಗಿನಲ್ಲಿ ಕಂದು ಅಂಚಿನ ದುಂಡನೆ ಕಲೆ ಕಂಡರೆ ಇದೇ.

ಮೇಲಿನವರನ್ನು ಒಮ್ಮೆ ಕಾಫಿಗೆ ಕರೆದು ಸೀಲಿಂಗ್ ತೋರಿಸಿ. ತಮ್ಮ ಬಚ್ಚಲು ಒಣಗಿಯೇ ಇರುವುದರಿಂದ ಅವರು ನಂಬುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಆಮೇಲೆ ಇಬ್ಬರೂ ಸೇರಿ ಪರೀಕ್ಷೆ ಮಾಡಿ. ನಾನಿ ಟ್ರ್ಯಾಪಿಗೆ ಬಟ್ಟೆ ತುರುಕಿ ಪ್ಲಾಸ್ಟಿಕ್ ಮುಚ್ಚಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಡಿ. ಕೆಳಗೆ ತೇವ ಹೆಚ್ಚಿದರೆ ನೆಲ ಸೋರುತ್ತಿದೆ. ಹೆಚ್ಚದಿದ್ದರೆ ಡ್ರೈನ್ ಪೈಪಿನ ಜಾಯಿಂಟ್ ಮೇಲೆ ಅನುಮಾನ ಪಡಿ.

"ಟೈಲ್ಸ್ ಒಡೆಸಲೇಬೇಕಾ? ಒಡೆಸಿದರೆ ಏನೇನು ನೋಡಿಕೊಳ್ಳಬೇಕು?"

ತಕ್ಷಣ ಒಡೆಸಬೇಡಿ. ಮೊದಲು ಸಂದುಗಳಿಗೆ ಎಪಾಕ್ಸಿ ತುಂಬಿಸಿ, ನಾನಿ ಟ್ರ್ಯಾಪ್, ಕಮೋಡಿನ ಬುಡ, ಗೋಡೆಯಿಂದ ನಲ್ಲಿ ಹೊರಬರುವ ಜಾಗ ಸೀಲ್ ಮಾಡಿಸಿ, ಎರಡು ತಿಂಗಳು ನೋಡಿ. ನಮ್ಮ ಫ್ಲ್ಯಾಟಿನಲ್ಲಿ ಅಷ್ಟರಲ್ಲೇ ನಿಂತಿತು. ನಿಲ್ಲದಿದ್ದರೆ ಒಡೆಸಲೇಬೇಕು, ಮುಂದೂಡಿದಷ್ಟೂ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಒಡೆಸಿದ ಮೇಲೆ ಒದ್ದೆ ಇಟ್ಟಿಗೆ ಚೂರನ್ನು ಪೂರ್ತಿ ತೆಗೆಸಿ, ಅದನ್ನೇ ವಾಪಸು ತುಂಬಲು ಬಿಡಬೇಡಿ. ವಾಟರ್‌ಪ್ರೂಫಿಂಗನ್ನು ನೆಲಕ್ಕೆ ಮಾತ್ರ ಮಾಡಿ ನಿಲ್ಲಿಸುತ್ತಾರೆ. ಗೋಡೆಗೂ ಒಂದು ಅಡಿ ಹತ್ತಬೇಕು, ಶವರ್ ಬೀಳುವ ಕಡೆ ಆಳೆತ್ತರ ಹತ್ತಬೇಕು. ಗೋಡೆ ನೆಲ ಸೇರುವ ಮೂಲೆ ಚೂಪಾಗಿರದೆ ದುಂಡಗಿರಲಿ, ಬಿರುಕು ಬಿಡುವುದು ಅಲ್ಲೇ. ನೆಲದ ಇಳಿಜಾರು ನಾನಿ ಟ್ರ್ಯಾಪಿನ ಕಡೆಗಿರಲಿ, ಒಂದು ಮಗ್ ನೀರು ಸುರಿದು ನೀವೇ ನೋಡಿ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಟೈಲ್ಸ್ ಹಾಕುವ ಮೊದಲು ಮತ್ತೆ ನೀರು ಕಟ್ಟಿ ಎರಡು ದಿನ ನಿಲ್ಲಿಸಿ. ಮೇಸ್ತ್ರಿ ಬೇಡ ಅಂದರೂ ಬಿಡಬೇಡಿ. ಕೆಳಗಿನ ಮನೆಯವರು ಬಂದು ಸೀಲಿಂಗ್ ಒಣಗಿದೆ ಅಂತ ಹೇಳಿದ ಮೇಲೆ ಕೊನೆಯ ಕಂತಿನ ದುಡ್ಡು ಕೊಡಿ.